ಏರುವುದಿಲ್ಲ ಎಂದು ನಾನು ಹೇಳಿದ ಕಂತು

ಕ್ರ್ಯಾನ್‌ಬರಿ, ಭಾನುವಾರ

ಪ್ರೀತಿಯ ಮಸರತ್,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ನಿನ್ನ ನಂಬರ್ ಒತ್ತಿದೆ, ಮೂರು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಿನ್ನ ದನಿ ಕೇಳಿದರೆ ಮಾತು ಹೊರಳಿಸಿ ಮೊಮ್ಮಗಳ ಸುದ್ದಿಗೆ ಹೋಗಿಬಿಡುತ್ತೇನೆಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೂ ಪೂರ್ತಿ ಓದು.

ಹೋದ ತಿಂಗಳು ಜೋಳದ ಹಿಟ್ಟು ತರಲೆಂದು ಬೆಲ್‌ರೋಸ್‌ಗೆ ಬಂದಾಗ ನಿನ್ನ ಹಳೆಯ ಟೈಲರಿಂಗ್ ಅಂಗಡಿಯ ಗಾಜಿನೊಳಗೆ ನೀನು ಕಂಡೆ. ಆರು ವರ್ಷದ ಹಿಂದೆ, ನಿಮ್ಮ ಯಜಮಾನರು ಜಬ್ಬಾರ್ ಭಾಯಿ ತೀರಿಕೊಂಡ ಮೇಲೆ, ಆ ಅಂಗಡಿ ಮಾರಿ ನೀನು ಮನೆಯಲ್ಲಿ ಉಳಿದಿದ್ದೆ. ಈಗ ಅದೇ ಅಂಗಡಿಯಲ್ಲಿ, ಕೊಂಡವಳ ಕೈಕೆಳಗೆ, ಗೋಡೆ ಪಕ್ಕದ ಮಷಿನ್ ಮುಂದೆ ಕೂತು ಯಾರದೋ ಲೆಹೆಂಗಾದ ಅಂಚು ಹೊಲಿಯುತ್ತಿದ್ದೆ. ಎಪ್ಪತ್ತೊಂದು ವಯಸ್ಸಿನಲ್ಲಿ. ನನ್ನನ್ನು ನೋಡಿದ್ದೇ ಎದ್ದು ಬಂದು ತಬ್ಬಿಕೊಂಡೆ. ಇಲ್ಲೇನು ಮಾಡುತ್ತಿದ್ದೀ ಎಂದು ನಾನು ಕೇಳಿದೆ.

“ಮೂರು ವರ್ಷದಿಂದ ಇನ್ಶೂರೆನ್ಸ್ ಪ್ರೀಮಿಯಂ ಏರಿಸ್ತಾನೇ ಇದ್ದಾರಲ್ಲ ಗಂಗಾ. ಸೋಷಿಯಲ್ ಸೆಕ್ಯೂರಿಟಿ ಪೆನ್ಶನ್ ಸಾಲಲ್ಲ. ಅದಕ್ಕೇ ವಾರಕ್ಕೆ ನಾಲ್ಕು ದಿನ ಬರ್ತೀನಿ. ನಾನು ಹೋದ್ಮೇಲೆ ಫೈಜ್‌ಗೆ ಅಂತ ಇರೋದು ಅದೊಂದೇ. ಎಲ್ಲಾ ಮಗಳು ಅಂತ ಸಾರಾ ಮೇಲೆ ಹಾಕೋಕಾಗುತ್ತಾ?”

ನನ್ನ ಮುಖ ಬಾಡಿದ್ದನ್ನು ಕಂಡು ನೀನೇ ನನ್ನ ಕೈ ಹಿಡಿದೆ. “ನೀನ್ಯಾಕೆ ಬೇಜಾರು ಮಾಡ್ಕೋತೀಯ? ಕಂಪನಿಯವರು ಮಾಡಿದ್ದು. ನಿನಗೆ ಹೇಗೆ ಗೊತ್ತಾಗಬೇಕು?” ಅಂದೆ. ನಾನು ಹೌದೆಂದು ತಲೆಯಾಡಿಸಿದೆ. ನೀನು ಮಾಡಿಕೊಟ್ಟ ಚಹಾ ಕುಡಿದು ಮನೆಗೆ ಬಂದೆ.

ನನಗೆ ಗೊತ್ತಿತ್ತು, ಮಸರತ್.

ತೊಂಬತ್ತೆಂಟರ ಚಳಿಗಾಲ. ವಾರವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ಶನಿವಾರ ಭಾನುವಾರ ಇನ್ಶೂರೆನ್ಸ್ ಮಾರಲು ಆಗಷ್ಟೇ ಲೈಸೆನ್ಸ್ ತೆಗೆದುಕೊಂಡಿದ್ದೆ. ಗಿರಾಕಿಗಳೆಲ್ಲ ಕನ್ನಡ ಕೂಟದಲ್ಲಿ ಪರಿಚಯವಾದವರೇ. ನಿಮ್ಮ ಮನೆಯ ಊಟದ ಮೇಜಿನ ಮೇಲೆ ಕಾಗದ ಹರಡಿದ್ದೆ. ನಿನ್ನ ಎಂಟು ವರ್ಷದ ಮಗ ಫೈಜ್ ನನ್ನ ಬ್ಯಾಗಿನಿಂದ ಪೆನ್ನುಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸುತ್ತಿದ್ದ. ಅವನಿಗೆ ಡೌನ್ ಸಿಂಡ್ರೋಮ್ ಇದೆ, ತಾವಿಲ್ಲದ ಕಾಲಕ್ಕೂ ಅವನಿಗೆ ಏನಾದರೂ ಇರಬೇಕು ಎಂಬ ಒಂದೇ ಚಿಂತೆ ನಿಮ್ಮಿಬ್ಬರಿಗೂ. ಆ ಕಾಗದದಲ್ಲಿ ಎರಡು ಪಟ್ಟಿಗಳಿದ್ದವು. ಬಡ್ಡಿ ಚೆನ್ನಾಗಿ ಬಂದರೆ ಪಾಲಿಸಿ ಹೇಗೆ ನಡೆಯುತ್ತದೆ ಎಂಬುದು ಒಂದು. ಕಂಪನಿ ಗ್ಯಾರಂಟಿ ಕೊಡುವುದು ಎಷ್ಟು ಎಂಬುದು ಇನ್ನೊಂದು. ಎಪ್ಪತ್ತು ವಯಸ್ಸಿನ ಸುಮಾರಿಗೆ ಅದೇ ಕಂತು ಸಾಲದೆ ಹೋಗಬಹುದೆಂದು ಎರಡನೆಯ ಪಟ್ಟಿಯಲ್ಲಿ ಸ್ಪಷ್ಟವಾಗಿ ಇತ್ತು. ತರಬೇತಿ ಕೊಟ್ಟವನನ್ನು ನಾನು ಅದರ ಬಗ್ಗೆ ಕೇಳಿಯೂ ಇದ್ದೆ. ಅದನ್ನು ಯಾರೂ ಓದುವುದಿಲ್ಲ ಎಂದು ಅವನು ನಕ್ಕಿದ್ದ. ನಾನೂ ನಕ್ಕಿದ್ದೆ.

ನೀನು ಮಾತ್ರ ಕೇಳಿದೆ, ಮುಂದೆ ಇದು ಏರುತ್ತಾ ಅಂತ. “ಏರಂಗಿಲ್ಲ ಬಿಡವಾ. ಸಾಯೋತನಕ ಇಷ್ಟ” ಎಂದೆ ನಾನು. ಹಾಗಂದು, ಎರಡನೆಯ ಪಟ್ಟಿಯಿದ್ದ ಹಾಳೆಯನ್ನು ಮಗುಚಿ ಸಹಿ ಹಾಕುವ ಜಾಗ ತೋರಿಸಿದೆ. ಆ ಕಮಿಷನ್ನಿನಲ್ಲಿ ನಮ್ಮನೆಗೆ ಸೋಫಾ ಬಂತು. ಅದರ ಮೇಲೆ ಮೊದಲು ಕೂತು ಮೆತ್ತಗಿದೆ ಎಂದವಳೂ ನೀನೇ.

ಇಷ್ಟೇ ಆಗಿದ್ದರೆ ಹಳೆಯ ತಪ್ಪೆಂದು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಾನು ನಿನಗಿಂತ ಒಂದು ವರ್ಷ ದೊಡ್ಡವಳು. ನನ್ನದೂ ಅದೇ ಪಾಲಿಸಿ. ನಾಲ್ಕು ವರ್ಷದ ಹಿಂದೆ ಕಂಪನಿಯ ಪತ್ರ ನನಗೆ ಮೊದಲು ಬಂತು. ತಿಂಗಳ ಕಂತು ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ಮಕ್ಕಳು ತಮ್ಮ ಕಾಲ ಮೇಲೆ ನಿಂತಿದ್ದಾರಲ್ಲ ಎಂದು ಪಾಲಿಸಿಯನ್ನು ಸರೆಂಡರ್ ಮಾಡಿ, ಉಳಿದಷ್ಟು ದುಡ್ಡು ತೆಗೆದುಕೊಂಡು ಸುಮ್ಮನಾದೆ. ಮುಂದಿನ ವರ್ಷ ಅಂಥದೇ ಪತ್ರ ನಿನಗೂ ಬರುತ್ತದೆಂದು ತಿಳಿದಿತ್ತು. ಎಚ್ಚರಿಸಲು ಒಂದಿಡೀ ವರ್ಷವಿತ್ತು. ಹೇಳಿದರೆ ನೀನು ಆ ಹಳೆಯ ಕಾಗದ ಹೊರತೆಗೆಯುತ್ತೀ, ಎರಡನೆಯ ಪಟ್ಟಿ ಓದುತ್ತೀ ಎಂಬ ಭಯಕ್ಕೆ ಹೇಳಲಿಲ್ಲ. ನಿನ್ನಿಂದ ತಪ್ಪಿಸಿಕೊಂಡು ಓಡಾಡಿದೆ. ಈದ್‌ಗೆ ಶೀರ್ ಕುರ್ಮಾ ತರುತ್ತೇನೆಂದು ನೀನು ಹೇಳಿದಾಗ ಊರಲ್ಲಿಲ್ಲ ಅಂದೆ. ಮನೆಯಲ್ಲೇ ಇದ್ದೆ.

ನಿನ್ನನ್ನು ಅಂಗಡಿಯಲ್ಲಿ ನೋಡಿದ ಮರುವಾರ ಹೋಬೋಕನ್‌ಗೆ ಹೋಗಿ ಕನ್ನಡ ಕೂಟದ ಹಂಸಾಳ ಮಗ ನಕುಲ್‌ನನ್ನು ಕಂಡೆ. ಅವನು ಪಾಲಿಸಿ ಮಾರುವವನಲ್ಲ, ಫೀಸ್ ತೆಗೆದುಕೊಂಡು ಸಲಹೆ ಕೊಡುವವನು. ನಿನ್ನ ಹೆಸರು ಹೇಳದೆ, ಗೆಳತಿಯೊಬ್ಬಳ ಪಾಲಿಸಿ ಹೀಗಿದೆ ಎಂದು ವಿವರಿಸಿದೆ. ಎಲ್ಲ ಕೇಳಿಕೊಂಡು, ಇದನ್ನು ಅವರಿಗೆ ಮಾರಿದ್ದು ಯಾರು ಆಂಟಿ ಎಂದ.

“ನಾನೇ” ಅಂದೆ.

ಅವನು ಸ್ಕ್ರೀನನ್ನು ಬದಿಗೆ ತಿರುಗಿಸಿದ. ಆಮೇಲೆ, “ನೀವೇ ಅವರಿಗೆ ಹೇಳ್ಬೇಕು, ಆಂಟಿ. ಶಿ ಶುಡ್ ಹಿಯರ್ ಇಟ್ ಫ್ರಮ್ ಯು” ಎಂದ.

ಅವನು ಹೇಳಿದ್ದನ್ನು ಗಮನವಿಟ್ಟು ಓದು. ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡ, ಪಾಲಿಸಿಯೇ ಹೋಗುತ್ತದೆ. ಮುಂದೆ ಇದು ಹೇಗೆ ನಡೆಯುತ್ತದೆಂದು ಕಂಪನಿಯಿಂದ ಹೊಸ ಪಟ್ಟಿ ಬರೆಸಿಕೊಳ್ಳಬೇಕು. ವಿಮೆಯ ಮೊತ್ತವನ್ನು ಅರ್ಧದಷ್ಟಕ್ಕೆ ಇಳಿಸಿದರೆ ಕಂತು ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಬರಬಹುದಂತೆ, ನೀನು ಹೊಲಿಗೆ ಬಿಡಬಹುದು. ದುಡ್ಡು ನೇರವಾಗಿ ಫೈಜ್ ಹೆಸರಿಗೆ ಬಂದರೆ ಅವನಿಗೆ ಸಿಗುವ ಸರ್ಕಾರಿ ನೆರವು ನಿಲ್ಲಬಹುದು, ಅದಕ್ಕೆ ಅವನ ಪರವಾಗಿ ದುಡ್ಡು ನೋಡಿಕೊಳ್ಳುವ ಟ್ರಸ್ಟ್ ಮಾಡಬೇಕಂತೆ. ಅದನ್ನೂ ಅಂದು ನಾನು ಹೇಳಿರಲಿಲ್ಲ. ಮೊದಲೇ, ನಾಲ್ಕು ವರ್ಷದ ಹಿಂದೆಯೇ ಮೊತ್ತ ಇಳಿಸಿದ್ದರೆ ಫೈಜ್‌ಗೆ ಈಗಿನದಕ್ಕಿಂತ ಎಷ್ಟೋ ಹೆಚ್ಚು ಉಳಿಯುತ್ತಿತ್ತು ಎಂದೂ ನಕುಲ್ ಹೇಳಿದ. ಹೋದದ್ದು ಹೋದದ್ದೇ, ನಾನು ಫೋನ್ ಮಾಡದಿದ್ದುದಕ್ಕೆ ಹೋಯಿತು.

ನಿನ್ನೆ ಶಶಿಧರನಿಗೆ ಎಲ್ಲ ಹೇಳಿದೆ. ಮದುವೆಯಾಗಿ ನಲವತ್ತೈದು ವರ್ಷವಾದರೂ ನನ್ನನ್ನು ಹಾಗೆ ನೋಡಿದ್ದಿಲ್ಲ. “ನಾಲ್ಕು ವರ್ಷ ಹೆಂಗ ಸುಮ್ನಿದ್ದಿ?” ಎಂದಷ್ಟೇ ಕೇಳಿದ. ಹೊಸ ಪಟ್ಟಿ ಬಂದು ಎಲ್ಲ ಸರಿಹೋಗುವವರೆಗೆ ನಿನ್ನ ಕಂತನ್ನು ನಾವು ಕಟ್ಟುತ್ತೇವೆ. ನಕುಲ್‌ನ ಫೀಸ್ ಕೊಟ್ಟಾಗಿದೆ. ಬೇಡ ಎನ್ನಬೇಡ.

ಬರುವ ಗುರುವಾರ ಹನ್ನೊಂದಕ್ಕೆ ಅವನ ಆಫೀಸಿನಲ್ಲಿ ನಿನಗೆ ಸಮಯ ತೆಗೆದಿಟ್ಟಿದ್ದೇನೆ. ನನ್ನ ಕಾರಿನಲ್ಲಿ ಕೂರಲು ಮನಸ್ಸಾಗದಿದ್ದರೆ ಸಾರಾಳೊಂದಿಗೆ ಹೋಗು, ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ನಾನು ಒಂಬತ್ತೂವರೆಗೆ ನಿನ್ನ ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಬೆಲ್ ಒತ್ತದೆ ಹಿಂದಿರುಗುತ್ತೇನೆ. ಬಾಗಿಲು ತೆರೆದರೆ ಬೈಯಿ, ಎಷ್ಟು ಬೇಕಾದರೂ ಬೈಯಿ. ಇನ್ನೊಮ್ಮೆ ನನ್ನ ಕೈ ಹಿಡಿದು ಸಮಾಧಾನ ಮಾತ್ರ ಹೇಳಬೇಡ. ಅದನ್ನು ತಡೆಯಲಾರೆ.

ನಿನ್ನ ಕಣ್ಣು, ನಿನ್ನ ಕೈ ಚೆನ್ನಾಗಿರಲಿ. ಫೈಜ್ ನೂರು ಕಾಲ ನಗುತ್ತಿರಲಿ.

ಇನ್ನೂ ಈ ಹೆಸರಿನಿಂದ ಕರೆಯುವ ಮನಸ್ಸಿದ್ದರೆ,
ನಿನ್ನ ಗಂಗಾ;
ಇಲ್ಲದಿದ್ದರೆ,
ಶಿವಗಂಗಮ್ಮ