ಮಾಣಿಯ ಹೆಸರಿನ ಬಳೆ

ಬಿಜೂರು
೯ ಮೇ ೨೦೨೫, ಶುಕ್ರವಾರ

ಪ್ರೀತಿಯ ಮಗಾ ಭೋಜರಾಜಾ,

ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯಾ? ಅಲ್ಲಿಯ ರೊಟ್ಟಿ ತಿಂದು ಉಷ್ಣವಾಗುತ್ತದೆ ಅಂತ ಹೋದ ರಜೆಯಲ್ಲಿ ನೀನು ಹೇಳಿದ್ದಿ, ಈಗ ಹೇಗಿದೆ? ಕಾಲ್ಬೆರಳ ಸಂದಿನ ಗಾಯ ಮಾಯಿತಾ? ಬೂಟು ಬಿಚ್ಚಲು ಪುರುಸೊತ್ತಾದಾಗೆಲ್ಲ ಕಾಲಿಗೆ ಗಾಳಿಯಾಡಿಸು ಮಗಾ. ನಾವೆಲ್ಲ ಇಲ್ಲಿ ಸೌಖ್ಯ ಅಂತ ಬರೆಯಬೇಕು, ಬರೆದಿದ್ದೇನೆ. ಉಳಿದದ್ದು ನಿನಗೆ ಗೊತ್ತಾಗುತ್ತದೆ. ಗಡಿಯಲ್ಲಿ ಗುಂಡು ಶುರುವಾದ ಮೇಲೆ ನಿನ್ನ ಫೋನು ಹತ್ತುತ್ತಿಲ್ಲ. ಟಿ.ವಿ.ಯವರು ಕಿರುಚುವುದನ್ನು ನೋಡಲಾಗದೆ ಅದರ ವಯರು ಕಿತ್ತಿಟ್ಟೆ. ನಿನ್ನ ತಂಗಿ ಅನ್ವಿತಾ, ‘ಅಜ್ಜಿ, ಈಗ ಯಾರ್ ಕಾಗದ ಬರೀತ್ರ್?’ ಅಂತ ನಗಾಡಿದಳು. ಫೋನು ಸತ್ತಾಗ ಕಾಗದವೇ ಗತಿಯಲ್ಲವಾ. ನಾನು ಅಕ್ಷರ ಕಲಿತದ್ದೂ ಅಣ್ಣನಿಗೆ ಮಿಲಿಟರಿಗೆ ಕಾಗದ ಬರೆಯಲಿಕ್ಕೇ. ಅವನ ವಿಳಾಸದಲ್ಲೂ ಊರಿರಲಿಲ್ಲ, ಬರೀ ನಂಬರು. ನಿನ್ನದೂ ಹಾಗೆಯೇ. ಆ ನಂಬರಿನ ಒಂದೊಂದು ಅಂಕೆಯನ್ನೂ ಎರಡೆರಡು ಸಲ ನೋಡಿ ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಇವತ್ತು ನಡೆದದ್ದನ್ನು ನಿನಗೆ ಬರೆಯಬೇಡ ಅಂತ ನಿನ್ನ ಅಮ್ಮ ಹೇಳಿದ್ದಾಳೆ. ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ಹೆಸರಿನ ಅಜ್ಜ, ನನ್ನ ಅಣ್ಣ, ಎಪ್ಪತ್ತೊಂದರ ಯುದ್ಧದಲ್ಲಿ ಕಾಣೆಯಾದದ್ದು ನಿನಗೆ ಗೊತ್ತೇ ಇದೆ. ಸತ್ತ ಅಂತ ಬರಲಿಲ್ಲ, ಆಚೆಯವರ ಕೈಗೆ ಸಿಕ್ಕಿಬಿದ್ದ ಅಂತಲೂ ಬರಲಿಲ್ಲ. ನನ್ನ ಅಬ್ಬೆ ಅವನ ಉತ್ತರಕ್ರಿಯೆಯ ಬೊಜ್ಜ ಮಾಡಲು ಕಡೆಯವರೆಗೂ ಬಿಡಲಿಲ್ಲ. ವರ್ಷಕ್ಕೊಮ್ಮೆ ಹಿರಿಯರಿಗೆ ಎಲೆ ಹಾಕುವಾಗ ಸತ್ತವರ ಎಲೆಗಳೆಲ್ಲ ಒಂದು ಕಡೆ, ಅಣ್ಣನ ಎಲೆ ಮಾತ್ರ ನಮ್ಮ ಊಟದ ಪಂಕ್ತಿಯಲ್ಲಿ. ನೀನು ಹುಟ್ಟಿದಾಗ ಆ ಹೆಸರು ಇಟ್ಟವಳೂ ಅಬ್ಬೆಯೇ. ‘ಕರೆದ್ರೆ ಓ ಅಂಬುಕೆ ಒಬ್ಬ ಬೇಕಲೆ’ ಅಂದಿದ್ದಳು. ಊರಲ್ಲಿ ಎಲ್ಲ ಹುಡುಗರಿಗೂ ಮಾಣಿ ಅನ್ನುವಂತೆ ಅವಳು ಅಣ್ಣನನ್ನು ‘ಮಾಣಿ’ ಅಂತ ಕರೆಯುತ್ತಿದ್ದಳು. ಕೇಳಿ ಕೇಳಿ ಕಿರಿಯವರಾದ ನಾವೂ ಮಾಣಿ ಅಂತಲೇ. ಇದ್ದಿದ್ದರೆ ಈಗ ಕೋಲು ಹಿಡಿದು ನಡೆಯುವ ಮುದುಕ. ನನ್ನ ಬಾಯಲ್ಲಿ ಅವನು ಇವತ್ತಿಗೂ ಮಾಣಿಯೇ.

ಬೇರೆ ಯಾವುದೋ ದೇಶದ ಜನ, ಸೆರೆಸಿಕ್ಕ, ಕಾಣೆಯಾದ ಸೈನಿಕರ ಹೆಸರು ಕೊರೆಸಿದ ಬಳೆ ಹಾಕಿಕೊಳ್ಳುತ್ತಾರಂತೆ. ಹೆಸರಿನವನು ಮನೆಗೆ ಬರುವವರೆಗೆ ಅದನ್ನು ತೆಗೆಯಬಾರದಂತೆ. ಅನ್ವಿತಾ ಇದನ್ನು ಫೋನಿನಲ್ಲಿ ನೋಡಿ, ಕುಂದಾಪುರದ ಅಂಗಡಿಯೊಂದರಲ್ಲಿ ಸ್ಟೀಲಿನ ಬಳೆಗೆ ‘ಭೋಜರಾಜ ಮೊಗವೀರ’ ಅಂತ ಕೊರೆಸಿ ತಂದಳು. ಜಾಗ ಸಾಲದೆ ೧೯೭೧ ಅನ್ನುವುದನ್ನು ಒಳಬದಿಗೆ ಹಾಕಿಸಿದ್ದಾಳೆ. ಅಬ್ಬೆ ಇದ್ದಿದ್ದರೆ ಎರಡೂ ಕೈಗೆ ಹಾಕಿಕೊಳ್ಳುತ್ತಿದ್ದಳು ಅನ್ನಿಸಿತು. ಸೋಪು ಹಚ್ಚಿ ಏರಿಸಿಕೊಂಡೆ.

ಇವತ್ತು ಹೆಮ್ಮಾಡಿಯಲ್ಲಿ ಬಂಗುಡೆ ಬುಟ್ಟಿ ಇಟ್ಟು ಕುಳಿತಿದ್ದೆ. ಪಕ್ಕದಲ್ಲಿ ರತ್ನ. ಕೊಕ್ಕರ್ಣೆ ಕಡೆಯಿಂದ ಮದುವೆಯಾಗಿ ಬಂದವಳು, ನೀನು ಮಿಲಿಟರಿಯಲ್ಲಿರುವುದು ಗೊತ್ತು, ನಮ್ಮ ಮನೆಯ ಹಳೆಯ ಕತೆ ಅವಳಿಗೆ ಗೊತ್ತಿಲ್ಲ. ‘ಹ್ವಾಯ್ ಸೀತಕ್ಕಾ, ಈ ಪ್ರಾಯ್ದಂಗೆ ಎಂತ ಸ್ಟೈಲ್ ಕಾಣಿ!’ ಅಂತ ಕೈ ಎಳೆದು ಹೆಸರು ಓದಿದಳು. ನಾನು ಗಿರಾಕಿಗೆ ಮೀನು ಕೊಯ್ಯುತ್ತಿದ್ದೆ. ತಲೆ ಎತ್ತದೆ, ‘ಅದ್ ನಮ್ಮ ಮಾಣಿ ಹೆಸ್ರ್ ಹೆಣೇ. ಯುದ್ಧದಂಗೆ ಕಾಣೆ ಆಯ್ದ. ಅವ ಬಪ್ಪೊರೆಗೆ ತೆಗುಕಾಗ ಅಂಬ್ರ್’ ಅಂದೆ. ಸ್ವಲ್ಪ ಹೊತ್ತಿನಲ್ಲಿ ಅವಳು ನನಗೆ ನೆರಳಿನ ಜಾಗ ಬಿಟ್ಟುಕೊಟ್ಟಳು. ಒಂದು ಗೇಣು ಜಾಗಕ್ಕೆ ಜಗಳ ಕಾಯುವವಳು! ಆಮೇಲೆ ನನ್ನ ಬುಟ್ಟಿಯನ್ನೂ ತಾನೇ ಎಳೆದುಕೊಂಡು, ‘ನೀವ್ ಮನಿಗ್ ಹೋಯ್ನಿ ಸೀತಕ್ಕ, ನಾನ್ ಮಾರ್ತೆ’ ಅಂದಳು. ಕಣ್ಣು ಕೆಂಪಾಗಿತ್ತು. ಬಿಸಿಲಿನ ಝಳ ಅಂದುಕೊಂಡೆ. ಇವಳಿಗೆ ಇವತ್ತು ದೇವರು ಒಳ್ಳೆ ಬುದ್ಧಿ ಕೊಟ್ಟ ಅಂತ ನಗುತ್ತಾ ಬಸ್ಸು ಹತ್ತಿದೆ.

ಬಸ್ಸಿಳಿದು ನಮ್ಮ ಓಣಿಗೆ ತಿರುಗಿದರೆ ಮನೆಯಂಗಳದ ತುಂಬ ಜನ.

ಮಗಾ, ಅಂಥ ಜನವನ್ನು ನಾನು ಹಿಂದೆ ಒಮ್ಮೆ, ಅಣ್ಣ ಕಾಣೆಯಾದ ಸುದ್ದಿ ಬಂದ ದಿನ, ನೋಡಿದ್ದೇನೆ. ಆಗ ನಾನು ಲಂಗ ಹಾಕುವ ಹುಡುಗಿ. ಅವತ್ತೂ ಗಂಡಸರು ಬೇಲಿಯ ಬದಿಗೆ, ಹೆಂಗಸರು ಮೆಟ್ಟಿಲ ಹತ್ತಿರ ನಿಂತಿದ್ದರು. ನಾನು ಓಣಿಯಲ್ಲೇ ನಿಂತುಬಿಟ್ಟೆ. ನಿನ್ನ ಅಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು, ಯಾರೋ ಅವಳ ಮುಖಕ್ಕೆ ನೀರು ಹಾಕುತ್ತಿದ್ದರು. ಆಚೆಮನೆಯ ರಾಜೇಂದ್ರ ಬಂದು, ‘ಧೈರ್ಯ ತಕಣಿ ಸೀತಕ್ಕ’ ಅಂದ. ಯಾವುದಕ್ಕೆ ಧೈರ್ಯ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಕೇಳಿದರೆ ಹೇಳಿಬಿಡುತ್ತಾರಲ್ಲ! ಕೇಳದೆ ಇದ್ದಷ್ಟು ಹೊತ್ತು ನೀನು ಇರುತ್ತೀ ಅಂತ ಒಂದು ಹುಚ್ಚು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ನಾನು ಅವರ ಬಾಯಿ.

ಕಡೆಗೆ ನಿನ್ನ ಅಮ್ಮನೇ, ‘ಅಬ್ಬೇ, ನಿಂಗೆ ಯಾರ್ ಹೇಳದ್? ನಂಗ್ ಯಾಕೆ ಹೇಳ್ಲಿಲ್ಲೆ?’ ಅಂತ ಚೀರಿದಳು. ನನಗೆ ಯಾರು ಏನು ಹೇಳಿದ್ದಾರೆ? ಆಗ ಗುಂಪಿನಿಂದ ಯಾರೋ, ರತ್ನ ಫೋನು ಮಾಡಿದ್ದಳು, ಸೀತಕ್ಕನೇ ಬಾಯಿಬಿಟ್ಟು ಹೇಳಿದರಂತೆ, ಮಾಣಿ ಕಾಣೆಯಾಗಿದ್ದಾನಂತೆ ಅಂದರು. ಅನ್ವಿತಾ ಓಡಿಬಂದು ನನ್ನ ಕೈಹಿಡಿದು, ಬಳೆ ಅಡ್ಡ ಮಾಡಿ ಒಳಬದಿ ತೋರಿಸುತ್ತಾ ಕೂಗಿದಳು: ‘ಕಾಣಿ, ಎಪ್ಪತ್ತೊಂದ್! ಇದ್ ಅಜ್ಜನ ಹೆಸ್ರ್, ನನ್ನ ಅಣ್ಣಂದಲ್ಲ! ಅಜ್ಜಿಗ್ ಮಾಣಿ ಅಂದ್ರೆ ಅಜ್ಜ!’

ಜನ ನಕ್ಕರು. ಚಾ ಆಯಿತು. ರತ್ನ ಫೋನಿನಲ್ಲಿ ಅಳುತ್ತಾ ನಗುತ್ತಾ, ‘ನಿಮ್ಮ ಮಾಣಿಗ್ ಎಷ್ಟ್ ಪ್ರಾಯ ಮಾರಾಯ್ರೆ!’ ಅಂತ ಬೈದಳು. ನಿನ್ನ ಅಮ್ಮ ಮಾತ್ರ ನಗಲಿಲ್ಲ. ಸುಳ್ಳು ಸುದ್ದಿ ಹೋಯಿತು, ನಿನ್ನ ಫೋನು ಬರಲಿಲ್ಲವಲ್ಲ. ಜನ ಹೋದ ಮೇಲೆ ಮೆಲ್ಲಗೆ, ‘ಅಬ್ಬೇ, ಅದ್ನ ತೆಗ್ದಿಡ್’ ಅಂದಳು. ತೆಗೆದರೆ ಅಬ್ಬೆ ಬಿಡದ ಬೊಜ್ಜವನ್ನು ನನ್ನ ಕೈಯಾರೆ ಮಾಡಿದ ಹಾಗೆ. ಇಟ್ಟುಕೊಂಡರೆ ನಿನ್ನ ಹೆಸರು ಕಾಣೆಯಾದವರ ಬಳೆಯ ಮೇಲೆ. ಮೊದಲು ಇದು ನನಗೇ ಹೊಳೆದಿರಲಿಲ್ಲ, ಈಗ ಹೊಳೆದದ್ದು ಹೋಗುವುದಿಲ್ಲ. ಬಳೆಯ ಮೇಲೆ ಬಟ್ಟೆ ಸುತ್ತಿದ್ದೇನೆ. ನಿನ್ನ ಅಮ್ಮ ಬಡಿಸುವಾಗ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತೇನೆ.

ಮಾರಣಕಟ್ಟೆ ಸ್ವಾಮಿ ನಿನ್ನ ಬೆನ್ನಿಗೆ ನಿಲ್ಲಲಿ. ನಿನ್ನ ಜೊತೆಯ ಹುಡುಗರಿಗೂ ನನ್ನ ಆಶೀರ್ವಾದ ಹೇಳು, ಅವರ ಮನೆಗಳಲ್ಲೂ ಒಬ್ಬೊಬ್ಬ ಅಜ್ಜಿ ಹೀಗೇ ಕೂತಿರುತ್ತಾಳೆ. ತಲೆ ತಗ್ಗಿಸಿಕೊಂಡೇ ಇರು ಮಗಾ, ಶೌರ್ಯ ಆಮೇಲೆ.

ನಿನ್ನ ಅಜ್ಜಿ
ಸೀತು

ತಾ.ಕ.: ಬೆಳಗಾಯಿತು, ಅನ್ವಿತಾ ಅಂಚೆಗೆ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಇದು ಸಿಕ್ಕಿದ ಕೂಡಲೇ ಅಮ್ಮನಿಗೆ ಒಂದು ಮಿಸ್ ಕಾಲ್ ಕೊಡು, ಮಾತಾಡಲು ಬಿಡದಿದ್ದರೆ ರಿಂಗಾದರೂ ಸಾಕು. ಇನ್ನೊಂದು. ಬಳೆಯ ನಿಯಮವನ್ನು ಅನ್ವಿತಾಳ ಹತ್ತಿರ ಮತ್ತೆ ಕೇಳಿದೆ. ಹೆಸರಿನವನು ಮನೆಗೆ ಬಂದರೆ ತೆಗೆಯಬಹುದಂತೆ. ಒಂದೇ ಹೆಸರಿನವರು ಇಬ್ಬರಿದ್ದರೆ ಯಾರು ಬರಬೇಕು ಅಂತ ಎಲ್ಲೂ ಹೇಳಿಲ್ಲವಂತೆ. ನೀನು ಬಾ. ನಿನ್ನ ಕೈಯಿಂದಲೇ ತೆಗೆ, ನನ್ನ ಮಣಿಕಟ್ಟು ಊದಿಕೊಂಡಿದೆ. ಆಮೇಲೆ ಅಣ್ಣನ ಬೊಜ್ಜ ಮಾಡಿಬಿಡುವ. ಮಾಣಿ ಬೇಸರ ಮಾಡುವವನಲ್ಲ, ಅಬ್ಬೆಗೆ ನಾನು ಹೇಳಿಕೊಳ್ಳುತ್ತೇನೆ.