ಪೇಪರಿನ ಮೊದಲ ಸರದಿ

೨೯ ಜನವರಿ ೧೯೭೮, ಭಾನುವಾರ
ತಿಪಟೂರು ಬಸ್ಸು ಒಂಬತ್ತೂವರೆಗೆ ಬಂತು. ಪೇಪರ್ ಎಂದಿನಂತೆ ಪಕ್ಕದ ತೋಟದ ಮೂಡಲಗಿರಿಯಪ್ಪನ ಕೈಗೆ. ಬೆರಳಿಟ್ಟು ಓದುತ್ತಾನೆ, ಟೆಂಡರ್ ನೋಟೀಸನ್ನೂ ಬಿಡುವುದಿಲ್ಲ. ನನಗೆ ಸಿಕ್ಕಿದ್ದು ಹನ್ನೊಂದಕ್ಕೆ, ಆಂಜನಪ್ಪನ ಹೋಟೆಲಿನ ಚಟ್ನಿ ಕಲೆ ಸಮೇತ.

ಇಬ್ಬರೂ ಸೇರಿ ತರಿಸುವ ಒಂದೇ ಪೇಪರ್. ಸುಪ್ರೀಂ ಕೋರ್ಟಿನ ಮುಂದಿನ ಚೀಫ್ ಜಸ್ಟಿಸ್ ಯಾರೆಂದು ಸರಿಯಾಗಿ ಹೇಳಿದವನಿಗೆ ಮೊದಲ ಓದು — ಇದು ನಮ್ಮ ಪಂದ್ಯ. ೭೩ರಲ್ಲಿ ಎಲ್ಲರಿಗಿಂತ ಸೀನಿಯರ್ ಜಡ್ಜೇ ಎಂದೆ. ಮೂವರನ್ನು ದಾಟಿ ನಾಲ್ಕನೆಯವರನ್ನು ಕೂರಿಸಿದರು. ಹೋದ ವರ್ಷವೂ ಸೀನಿಯರ್ ಎಂದೆ. ಅವರನ್ನೂ ದಾಟಿದರು. ಐದು ವರ್ಷದಿಂದ ಎರಡನೇ ಓದು. ದೆಹಲಿಯವರು ಮಾಡಿದ ಅನ್ಯಾಯಕ್ಕೆ ಶೆಟ್ಟಿಕೆರೆಯಲ್ಲಿ ನನಗೆ ಶಿಕ್ಷೆ!

೫ ಫೆಬ್ರವರಿ
ಈ ತಿಂಗಳು ಆ ಕುರ್ಚಿ ಮತ್ತೆ ಖಾಲಿ. ಸಾಲಿನಲ್ಲಿ ಮೊದಲಿರುವವರ ಹೆಸರು ಬರೆಯಲು ಈ ಸಲ ಕೈ ಬಾರದು. ಎಮರ್ಜೆನ್ಸಿಯಲ್ಲಿ ಸುಮ್ಮನೆ ಜೈಲಿಗೆ ಹಾಕಿದರೂ ಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದ ತೀರ್ಪು ಕೊಟ್ಟವರಲ್ಲಿ ಅವರೂ ಒಬ್ಬರು. ನಾನು ಮರೆತಿಲ್ಲ.

"ಏನ್ಲಾ ಗಂಗಾಧರ, ನಿನ್ ಸೀನಿಯಾರಿಟಿ ಈಗ ಗಂಟ್ಲಿಗೆ ಸಿಕ್ಕಂತಾ?" ಎಂದ ಮೂಡಲಗಿರಿಯಪ್ಪ. ಹೋಟೆಲೆಲ್ಲ ನಕ್ಕಿತು. ಈ ಸರ್ಕಾರವೂ ಮೊದಲಿನವರನ್ನು ದಾಟುತ್ತದೆಂದು ಅವನ ಪಂದ್ಯದ ಚೀಟಿ ಆಗಲೇ ಆಂಜನಪ್ಪನ ಗಲ್ಲಾದ ಮೇಲಿನ ತೆಂಗಿನ ಕರಟದಲ್ಲಿದೆ.

೯ ಫೆಬ್ರವರಿ, ಗುರುವಾರ
ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಹಾಕಿದ್ದ ತೆಂಗಿನಕಾಯಿ ಸುಲಿಸಿದೆ. ಮೊದಲು ಹತ್ತಿದ ರಾಶಿ ಮೊದಲು ಎಂದು ಹಟ ಹಿಡಿದೆ. ಇಪ್ಪತ್ತು ಒಡೆದರೆ ಏಳರಲ್ಲಿ ಇನ್ನೂ ನೀರು... ಕೊಬ್ಬರಿ ಆಗಿಲ್ಲ. ನನ್ನಾಕೆ ಹೊಂಬಾಳಮ್ಮ ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ಒಣಗಿದ ಕೊಬ್ಬರಿ ಗಿಟಕು ಉರುಳಿದ ಸದ್ದು ಬಂದದ್ದನ್ನಷ್ಟೇ ಇಳಿಸಿದಳು.

"ಮೊದ್ಲು ಅಟ್ಟ ಹತ್ತಿದ್ದೇ ಮೊದ್ಲು ಒಣಗ್ತದೆ ಅಂತ ಯಾವ್ ಪೇಪರ್ನಾಗೆ ಬರ್ದೈತ್ರೀ?"

"ಕಾಯಿನ ನೀನು ಅಲ್ಲಾಡಿಸ್ತೀಯ ಕಣೇ. ಜಡ್ಜ್‌ಗಳನ್ನ ಅಲ್ಲಾಡ್ಸೋರು ಯಾರು? ದೆಹಲಿಯೋರು. ಅವ್ರಿಗೆ ಬೇಕಾದ್ ಸದ್ದೇ ಅವ್ರಿಗೆ ಕೇಳ್ತದೆ."

ಹೇಳಿದ ಮೇಲೆ ಹೊಳೆಯಿತು, ದೆಹಲಿಯವರ ಕೈ ಕಟ್ಟುವುದಕ್ಕೇ ಸೀನಿಯಾರಿಟಿ ಬೇಕು ಎಂದು. ನನಗೆ ಬೇಕಾದವರಿಗೆ ಒಂದು, ಬೇಡದವರಿಗೆ ಒಂದು ನಿಯಮ ಎಂದರೆ ನಾನೂ ದೆಹಲಿಯವನೇ. ಸಾಲಿನಲ್ಲಿ ಮೊದಲಿನವರ ಹೆಸರನ್ನೇ ಬರೆದು ಕರಟಕ್ಕೆ ಹಾಕಿ ಬಂದೆ.

೨೩ ಫೆಬ್ರವರಿ, ಬೆಳಿಗ್ಗೆ ೧೦
ಸಾಲಿನಲ್ಲಿ ಮೊದಲಿದ್ದವರೇ ಚೀಫ್ ಜಸ್ಟಿಸ್ ಆದರು. ನಿನ್ನೆ ಪ್ರಮಾಣವಚನ. ಆಂಜನಪ್ಪ ಎಲ್ಲರೆದುರು ಚೀಟಿ ಬಿಚ್ಚಿದ. ಮೂಡಲಗಿರಿಯಪ್ಪ ಮಡಿಕೆ ಬಿಡಿಸದ ಪೇಪರನ್ನು ಎರಡೂ ಕೈಯಲ್ಲಿ ಕೊಟ್ಟ.

"ತಗಳಪ್ಪ. ಬೇಡ್ದೋರ್ನ ಗೆಲ್ಸಿ ನೀನು ಗೆದ್ದೆ. ಮಾಡ್ಕ ಹಬ್ಬ!"

ಐದು ವರ್ಷ. ಮಸಿಯ ವಾಸನೆ ಹಾಗೇ ಇದೆ, ಚಟ್ನಿ ಇಲ್ಲ. ಮೊದಲ ಪುಟದ ಫೋಟೋವನ್ನು ಒಂದೇ ಸಲ ನೋಡಿದೆ. ಕೋಪ ಹೋಗಿಲ್ಲ. ಹೋಗುವುದೂ ಬೇಡ. ಆದರೂ ಹಿತವಾಗಿದೆ. ಪೇಪರಿನ ಮೇಲೇ ಡೈರಿ ಇಟ್ಟು ಬರೆಯುತ್ತಿದ್ದೇನೆ. ಎದುರಿಗೆ ಮೂಡಲಗಿರಿಯಪ್ಪ ಮಂಡಿ ಕುಣಿಸುತ್ತಿದ್ದಾನೆ.

"ಓದ್ತೀಯೋ ಬರೀತೀಯೋ? ಬೇಗ ಕೊಡ್ಲಾ!"

ಕೊಡುತ್ತೇನೆ, ಹನ್ನೊಂದಕ್ಕೆ. ಟೆಂಡರ್ ನೋಟೀಸುಗಳು ಬಾಕಿ. ಬೆರಳಿಟ್ಟೆ. ಮೊದಲನೆಯದು — ಅಮ್ಮಸಂದ್ರ ರಸ್ತೆಗೆ ಜಲ್ಲಿ ಒದಗಿಸುವ...