ಒಂದು ಅಗುಳು ಕೇಳಿದ್ದಕ್ಕೆ

ಬೆಣ್ಣಿಹಾಳ,
ಹತ್ತನೆಯ ತಿಂಗಳ ಮೂವತ್ತಮೂರನೆಯ ದಿನ,
ಹೊರೆ ಇಳಿದ ಮೇಲಿನ ನೂರ ನಾಲ್ಕನೆಯ ವರ್ಷ

ನನಗಿಂತ ನಾಲ್ಕೈದು ತಲೆಮಾರು ಹಿಂದಿರುವ ಹಿರಿಯರಿಗೆ,

ಮೇಲಿನ ತೇದಿಯನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ. ನಮ್ಮ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತು ತಿಂಗಳು. ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಹಬ್ಬ ಮಾಡಿ ಕಳೆಯುತ್ತೇವೆ. ಚಂದ್ರನೊಬ್ಬ ನಮ್ಮ ಮಾತು ಕೇಳದೆ ತನ್ನ ಹಳೆಯ ಲೆಕ್ಕದಲ್ಲೇ ಇದ್ದಾನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ. ಹಿರಿಯರ ಮೇಲೆ ತಕರಾರು ಸಲ್ಲಿಸುವ ಹಕ್ಕು ನಮ್ಮಲ್ಲಿ ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಮ್ಮೆ ಇದೆ. ಹೆಚ್ಚಿನವರು ಬಿಸಿಲಿನ ಬಗ್ಗೆ ಬರೆದು ಅದನ್ನು ಮುಗಿಸುತ್ತಾರೆ. ನಾನು ಇಷ್ಟು ವಯಸ್ಸಾಗುವವರೆಗೆ ಅದನ್ನು ಮುಟ್ಟಿರಲಿಲ್ಲ. ಈಗ ತಡೆಯಲಾಗುತ್ತಿಲ್ಲ.

ನನ್ನ ಹೆಸರು ನೀಲಾಂಬಿಕೆ ಹಡಪದ. ಮಗ್ಗದ ಮನೆಗಳಲ್ಲಿ ನೇಕಾರರಿಗೆ ಪುಸ್ತಕ ಓದಿ ಹೇಳುವುದು ನನ್ನ ಕಸುಬು; ಊರವರು ಓದವ್ವ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಪ್ರತಿ ಊರಿಗೂ ಒಂದು ನೆಲೆ ಇದೆ. ಗಿರಣಿಯ ಪಕ್ಕದ ದಿಬ್ಬದ ಮೇಲೆ, ಮಾಡಿನ ತುಂಬ ಬಿಸಿಲಹಲಗೆ ಹೊದ್ದ ಸಣ್ಣ ಮನೆ. ಅಂಗಳದಲ್ಲಿ ಕೋಳಿಗಳು, ಒಳಗೆ ಯಂತ್ರ, ಅದನ್ನು ನೋಡಿಕೊಳ್ಳಲು ಒಬ್ಬ ನೆಲೆಗಾರ. ಹಾಡು, ನ್ಯಾಯಾಲಯದ ತೀರ್ಪು, ಸೀರೆಯ ಅಂಚಿನ ಹೊಸ ವಿನ್ಯಾಸ, ಔಷಧ ತಯಾರಿಸುವ ಕ್ರಮ ಬರೆದ ಪಾಕ, ಎಲ್ಲವೂ ಒಂದು ನೆಲೆಯಿಂದ ಮುಂದಿನ ನೆಲೆಗೆ ದಾಟುತ್ತ ಬರುತ್ತವೆ. ನಮ್ಮೂರಿಗೆ ಬರುವುದೆಲ್ಲ ಪಡುವಣದ ಕುಕನಗೇರಿಯಿಂದ. ನಮ್ಮಿಂದ ಹೋಗುವುದೆಲ್ಲ ಮೂಡಣಕ್ಕೆ. ಈ ವ್ಯವಹಾರಕ್ಕೆ ನಮ್ಮವರು ಪಂಕ್ತಿಯೂಟದ ಮಾತುಗಳನ್ನೇ ಬಳಸುತ್ತಾರೆ. ಕಳಿಸುವುದು ಬಡಿಸುವ ಊರು, ಪಡೆಯುವುದು ಉಣ್ಣುವ ಊರು. ಬಂದದ್ದನ್ನು ಮನೆಮನೆಗೆ ಹಂಚುವ ತನಕ ಇಟ್ಟುಕೊಳ್ಳುವ ಜಾಗಕ್ಕೆ ಎಲೆ ಎಂದು ಹೆಸರು. ಎಲೆ ಚಿಕ್ಕದು. ಮೀರಿ ಸುರಿದರೆ ಹೊರಗೆ ಚೆಲ್ಲಿದ್ದು ಹೋಯಿತು, ಮತ್ತೆ ಸಿಗುವುದಿಲ್ಲ. ಆದ್ದರಿಂದ ಹರಿವು ಇರುವಾಗ ಉಣ್ಣುವ ಊರು ತನ್ನ ಎಲೆಯಲ್ಲಿ ಎಷ್ಟು ಜಾಗವಿದೆ ಎಂದು ಆಗಾಗ ಹಿಂದಕ್ಕೆ ಹೇಳುತ್ತಿರುತ್ತದೆ; ಬಡಿಸುವ ಊರು ಅಷ್ಟನ್ನೇ ಕಳಿಸುತ್ತದೆ. ಎಲೆ ಪೂರ್ತಿ ತುಂಬಿದಾಗ ಉಣ್ಣುವ ಊರು 'ಕೈಯಡ್ಡ' ಎನ್ನುತ್ತದೆ. ಬಡಿಸುವವರು ಅಲ್ಲಿಗೇ ನಿಲ್ಲಬೇಕು. ಜಾಗವಾದ ಮೇಲೆ 'ಬಡಿಸಿ' ಎಂಬ ಮಾತು ಹೋಗುತ್ತದೆ, ಹರಿವು ಮತ್ತೆ ಶುರುವಾಗುತ್ತದೆ.

ಇಷ್ಟು ಸರಳವಾದದ್ದನ್ನು ನಿಮ್ಮವರಿಂದ ಪಾಲಿಸಲಾಗಲಿಲ್ಲ. ನೀವು ಕೈ ಅಡ್ಡ ಇಟ್ಟವರ ಬೆರಳ ಸಂದಿಯಲ್ಲೂ ಸುರಿದಿರಿ. ಯಾರಿಗೂ ಬೇಡದ್ದನ್ನು, ಯಾರೂ ಕೇಳದ್ದನ್ನು, ಕಳಿಸಲು ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಕಳಿಸಿದಿರಿ. ನೀವು ಶುರು ಮಾಡಿದ್ದನ್ನು ನಿಮ್ಮ ಮೊಮ್ಮಕ್ಕಳು ಮುಗಿಸಿದರು. ಒಂದು ವರ್ಷ ನೆಲೆಗಳೆಲ್ಲ ತುಂಬಿ, ಉಸಿರು ಕಟ್ಟಿ, ಒಂದರ ಹಿಂದೊಂದು ನಿಂತವು. ಅದನ್ನೇ ನಾವು ಹೊರೆ ಎನ್ನುವುದು. ನಮ್ಮಜ್ಜಿ ಆ ವರ್ಷದ ಮಾತೆತ್ತಿದರೆ ಈಗಲೂ ಎದುರಿಗಿದೆಯೇನೋ ಎಂಬಂತೆ ಬಾಗಿಲು ಮುಂದೆ ಮಾಡುತ್ತಿದ್ದಳು.

ಆ ಹೆದರಿಕೆಯಲ್ಲಿ ಬೆಳೆದ ನಮ್ಮವರು ಮರ್ಯಾದೆಯನ್ನು ಎಲ್ಲಕ್ಕಿಂತ ಮೇಲಿಟ್ಟರು. ನಾನು ಚಿಕ್ಕವಳಿದ್ದಾಗ ಇನ್ನೊಂದು ರೂಢಿ ಇತ್ತು. ಉಣ್ಣುವ ಊರು ಕೈಯಡ್ಡ ಎಂದು ಬಹಳ ಹೊತ್ತು ಸುಮ್ಮನಿದ್ದರೆ, ಬಡಿಸುವ ಊರು ಒಂದೇ ಒಂದು ಅಗುಳನ್ನು ಕಳಿಸಿ ನೋಡುತ್ತಿತ್ತು. ಒಂದಕ್ಷರದಷ್ಟು ಸುದ್ದಿ, ಅಷ್ಟೇ. ಕೈ ಇನ್ನೂ ಅಡ್ಡವಿದ್ದರೆ 'ಇಲ್ಲ' ಎಂಬ ಉತ್ತರ ಬರುತ್ತಿತ್ತು, ಇವರು ಮತ್ತೆ ಕಾಯುತ್ತಿದ್ದರು. ಕೈ ಸರಿದಿದ್ದರೆ ಎಷ್ಟು ಜಾಗವಿದೆ ಎಂಬುದು ತಿಳಿಯುತ್ತಿತ್ತು. ನನಗೆ ಇಪ್ಪತ್ತು ತುಂಬಿದ ವರ್ಷ, ನೆಲೆಗಳ ಕಟ್ಟಳೆ ಬರೆಯುವ ಸಭೆಯವರು ಅದನ್ನು ನಿಷೇಧಿಸಿದರು: ಸಾಕು ಎಂದವರನ್ನು ಮತ್ತೆ ಕೇಳುವುದು ಪೀಡನೆ. ಹಾಗೆಯೇ 'ಬಡಿಸಿ' ಎಂಬುದನ್ನು ಒಮ್ಮೆ ಮಾತ್ರ ಹೇಳಬೇಕು. ಎರಡು ಸಲ ಹೇಳುವುದು ಹೊಟ್ಟೆಬಾಕತನ. ಆ ಸಭೆಯಲ್ಲಿ ನಾನು ಎದ್ದು ನಿಂತಿದ್ದೆ. ಆ ಒಂದು ಸಲ ಹೇಳಿದ ಮಾತು ದಾರಿಯಲ್ಲಿ ಕಳೆದುಹೋದರೆ ಏನು ಗತಿ ಎಂದು ಕೇಳಿದೆ. ಮುಂದಿನ ಸಾಲಿನ ಯಜಮಾನರೊಬ್ಬರು ತಿರುಗಿ ನೋಡಿ, "ತಂಗೀ, ಸಾಕು ಅಂದ ಮ್ಯಾಲೂ ಹೋಳಗಿ ಹಿಡಕೊಂಡು ಬೆನ್ನ ಹತ್ತೋ ಬೀಗರನ್ನ ನೀ ಇನ್ನೂ ನೋಡಿಲ್ಲ. ಲಗ್ನ ಆಗಲಿ, ತಿಳೀತೈತಿ" ಎಂದರು. ಸಭೆ ನಕ್ಕಿತು. ಆ ನಗೆ ನನಗಿನ್ನೂ ಕೇಳಿಸುತ್ತದೆ.

ಈ ವರ್ಷ ಮದುವೆಗಳು ಹೆಚ್ಚು. ಲಗ್ನದ ಚಿತ್ರಗಳೆಲ್ಲ ಒಟ್ಟಿಗೆ ಬಂದು ನಮ್ಮ ಎಲೆ ತುಂಬಿತು. ನಮ್ಮ ನೆಲೆಗಾರ ಫಕೀರಪ್ಪ ಕೈಯಡ್ಡ ಎಂದ, ಅದು ಸರಿಯೇ. ಮರುದಿನ ಬೆಳಿಗ್ಗೆ ಎಲೆ ಬರಿದಾಯಿತು, 'ಬಡಿಸಿ' ಎಂದ, ಅದೂ ಸರಿಯೇ. ಆದರೆ ಅಂದು ಅಮಾವಾಸ್ಯೆ. ಕುಕನಗೇರಿಯವರು ಅಮಾವಾಸ್ಯೆಯ ಬೆಳಿಗ್ಗೆ ನೆಲೆಯನ್ನು ಮಲಗಿಸಿ, ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಾರೆ. ಮಲಗಿದ ಯಂತ್ರಕ್ಕೆ ಫಕೀರಪ್ಪನ ಮಾತು ಕೇಳಿಸಲಿಲ್ಲ. ಎದ್ದ ಮೇಲೆ ಅದಕ್ಕೆ ನೆನಪಿದ್ದದ್ದು ಒಂದೇ: ಬೆಣ್ಣಿಹಾಳದ ಕೈ ಅಡ್ಡವಿದೆ. ಅಂದಿನಿಂದ ಅವರು ನಾವು ಕೈ ತೆಗೆಯಲಿ ಎಂದು ಕಾದರು, ನಾವು ಅವರು ಬಡಿಸಲಿ ಎಂದು ಕಾದೆವು.

ಮೊದಲು ಯಾರಿಗೂ ಬೇಸರವಾಗಲಿಲ್ಲ. ಊರು ತಣ್ಣಗಿದೆ ಎಂದು ಖುಷಿಪಟ್ಟರು. ಆಮೇಲೆ ಮಗ್ಗಗಳಿಗೆ ಹೊಸ ಅಂಚು ಬರಲಿಲ್ಲ. ಕುಕನಗೇರಿಯವರಿಗೆ ಸೊಕ್ಕು ಬಂದಿದೆ ಎಂದರು. ನನಗೆ ಅದಾವುದರ ಚಿಂತೆಯೂ ಇರಲಿಲ್ಲ. ನನ್ನ ಚಿಂತೆ ತಮ್ಮ ಕಳಕಪ್ಪನದು. ಅವನು ನೇಕಾರ, ಕಣ್ಣಿನ ಒಳಪರದೆ ಸುಡುವ ಕಾಯಿಲೆ. ದೂರದ ಕಣ್ಣಾಸ್ಪತ್ರೆಯವರು ತಿಂಗಳಿಗೊಮ್ಮೆ ಅವನ ಕಣ್ಣಿನ ಚಿತ್ರ ನೋಡಿ ಹೊಸ ಪಾಕ ಕಳಿಸುತ್ತಾರೆ. ಅದರಂತೆ ನಮ್ಮೂರ ಮದ್ದಿನಮನೆಯಲ್ಲಿ ಹನಿ ತಯಾರಾಗುತ್ತದೆ. ಹಳೆಯ ಹನಿ ಹಾಕಿದರೆ ಕೇಡು, ಹಾಕದಿದ್ದರೆ ಕತ್ತಲೆ. ಪಾಕ ಬರಲಿಲ್ಲವೆಂದು ಮೂಡಣದ ದಾರಿಯಲ್ಲಿ ಆಸ್ಪತ್ರೆಗೆ ಮೇಲಿಂದ ಮೇಲೆ ಬರೆದೆ. ಅವರು ಪ್ರತಿ ಸಲವೂ ಉತ್ತರ ಕೊಟ್ಟರು. ಉತ್ತರಗಳೆಲ್ಲ ಬಂದು ಕುಕನಗೇರಿಯಲ್ಲಿ ಕೂತವು!

ಒಂದು ಮಧ್ಯಾಹ್ನ ಕಳಕಪ್ಪ ಮಗ್ಗದ ಕುಣಿಯಿಂದ ಕೂಗಿದ. "ಅಕ್ಕಾ, ಈ ಎಳಿ ಹಸರೋ ನೀಲಿನೋ ಒಂಚೂರು ನೋಡು." ಅದು ಕೆಂಪು. ನಾನು ನೇರವಾಗಿ ದಿಬ್ಬ ಹತ್ತಿದೆ.

"ಫಕೀರಪ್ಪಾ, ಇನ್ನೊಮ್ಮೆ 'ಬಡಿಸ್ರಿ' ಅನ್ನೋ."

"ಒಮ್ಮೆ ಅಂದೀನ್ರಿ ಓದವ್ವಾರ. ಮತ್ತ ಅಂದ್ರ ಊರ ಮಾನ ಹೋಗ್ತೈತಿ. ಹಸದ ಊರು ಅಂತಾರ."

"ಹಸದೈತಲ್ಲೋ!"

"ಹಸದೈತಿ, ಖರೆ. ಹಂಗಂತ ಬಾಯಿಬಿಟ್ಟು ಹೇಳಾಕ ಬರ್ತೈತೇನ್ರಿ?"

ಇವನು ಕೆಟ್ಟವನಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಮೊದಲು ಮೊಟ್ಟೆ ಕಳಿಸುವವನು ಇವನೇ. ಕಟ್ಟಳೆ ಪಾಲಿಸುವ ಒಳ್ಳೆಯವನೆದುರು ಎಷ್ಟು ಕೂಗಿದರೂ ನಮ್ಮ ಗಂಟಲೇ ನೋಯುತ್ತದೆ. ಮರುದಿನ ಬೆಳಗಾಗುತ್ತಲೇ ಗಾಳಿಬಂಡಿ ಹತ್ತಿದೆ. ಅದು ಹಾಯಿಕಟ್ಟಿದ ಚಕ್ಕಡಿ. ಗಾಳಿ ನಿಂತಲ್ಲಿ ಇಳಿದು ದೂಡಬೇಕು. ಅರ್ಧ ದಾರಿ ದೂಡಿಯೇ ಕುಕನಗೇರಿ ತಲುಪಿದೆ. ಅಲ್ಲಿನ ನೆಲೆಗಾರ್ತಿ ದುರ್ಗವ್ವ ಹೊಸ್ತಿಲಲ್ಲೇ ಕೂತಿದ್ದಳು.

"ಬರ್ರಿ ಬರ್ರಿ, ಹೊಟ್ಟಿ ತುಂಬಿದ ಊರಿನವರು! ಅಂಥಾದ್ದೇನ ಉಂಡೀರಿ? ಇನ್ನೊಂದು ಅಮಾಸಿ ಬರಾಕತ್ತೈತಿ, ಕೈ ತಗದಿಲ್ಲ ನೀವು."

"ಕೈ ಯಾವಾಗೋ ತಗದೀವಿ ಬೇ. ನೀ ಯಾಕ ಒಮ್ಮೆ ಕೇಳಲಿಲ್ಲ?"

"ಸಾಕು ಅಂದವರನ್ನ ಕೇಳ್ತಾರೇನ್ರಿ? ನಮಗೂ ಮರ್ಯಾದಿ ಐತಿ."

ಕಳಕಪ್ಪನ ಪಾಕ ಅವಳ ಬೆನ್ನ ಹಿಂದೆಯೇ, ಆ ಯಂತ್ರದೊಳಗೇ ಇತ್ತು. ಕೈಗೆ ಕೊಡು ಎಂದರೆ ಕೊಡುವಂತಿಲ್ಲ. ಅದರ ಮುದ್ರೆ ತೆರೆಯುವುದು ನಮ್ಮೂರ ನೆಲೆ ಮಾತ್ರ. ನನ್ನ ಬಾಯಿಮಾತನ್ನು ಯಂತ್ರ ಒಪ್ಪುವುದಿಲ್ಲ, ಒಂದು ಅಗುಳು ಕಳಿಸು ಎಂದೆ. "ಅಯ್ಯ! ನನ್ನ ಕೀಲಿಕೈ ಕಸಗೊಂಡು ಮನಿಗೆ ಅಟ್ತಾರ" ಎಂದಳು. ನಾನು ತಮ್ಮನ ಸಂಗತಿ ಹೇಳಿದೆ.

"ಈಗ ಎಷ್ಟ ಕಾಣ್ತೈತ್ರಿ ಅವರಿಗೆ?"

"ಬಲಗಣ್ಣು ಹೋದಂಗ. ಎಡಗಣ್ಣಿಗೆ ಬಾಗಲಾ ಕಾಣ್ತೈತಿ. ಬಾಗಲದಾಗ ನಿಂತವರು ಕಾಣಂಗಿಲ್ಲ."

ದುರ್ಗವ್ವ ಎದ್ದಳು. "ನಾ ಒಳಗ ರೊಟ್ಟಿ ಬಡ್ಯಾಕ ಹೊಂಟೆ. ಆ ಮೂಲ್ಯಾಗ ಹಳೇ ಹಿತ್ತಾಳಿ ಗುಂಡಿ ಐತಲ್ರಿ, ಅದನ್ನ ಮಾತ್ರ ಒತ್ತಬ್ಯಾಡ್ರಿ. ಹೇಳಿಲ್ಲ ಅನ್ನಬ್ಯಾಡ್ರಿ ಮತ್ತ."

ಒತ್ತಿದೆ. ಅಗುಳು ಹೋಯಿತು, ಬೆರಳು ತೆಗೆಯುವ ಮೊದಲೇ ಉತ್ತರ ಬಂತು: ಎಲೆ ಪೂರ್ತಿ ಖಾಲಿ, ಬಡಿಸಿ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಬೇಕೆಂದೇ ಜೋರಾಯಿತು. ಎರಡು ಊರುಗಳು ಇಷ್ಟು ದಿನ ಕೈಕಟ್ಟಿ ಕೂತದ್ದು ಈ ಒಂದು ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇಲ್ಲದ್ದಕ್ಕೆ.

ಸಂಜೆಗೆ ಪಾಕ ಬಂತು, ಹನಿ ತಯಾರಾಯಿತು. ಕಳಕಪ್ಪನ ಎಡಗಣ್ಣು ಕೆಡುವುದು ಅಲ್ಲಿಗೇ ನಿಂತಿತು. ನಿಧಾನಕ್ಕೆ ಬಾಗಿಲಲ್ಲಿ ನಿಂತವರೂ ಕಾಣತೊಡಗಿದರು. ಬಲಗಣ್ಣು ಹೋಯಿತು. ಪಾಕ ಹೊತ್ತಿಗೆ ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದು ಆಸ್ಪತ್ರೆಯವರು ಬರೆದಿದ್ದಾರೆ. ಆ ಉತ್ತರ ಮಾತ್ರ ತಡವಾಗದೆ ಬಂತು.

ಆಮೇಲೆ ಎರಡೂ ಊರಿನ ಸಭೆ ಸೇರಿತು, ನನ್ನ ವಿಚಾರಣೆಗೆ. ಗುಂಡಿ ಒತ್ತಿದವಳು ನಾನೇ ಎಂದೆ. ದುರ್ಗವ್ವನ ರೊಟ್ಟಿಯ ಮಾತು ಎತ್ತಲಿಲ್ಲ. ಅಧ್ಯಕ್ಷ ಸಂಗನಬಸಪ್ಪನವರು ಸಮಾಧಾನದಿಂದಲೇ ಹೇಳಿದರು, "ಓದವ್ವಾರ, ನಿಮ್ಮ ಸಂಕಟ ನಮಗ ತಿಳೀತೈತಿ. ಆದ್ರ ಎಲ್ಲಾರೂ ಹಿಂಗ ಕೇಳಾಕ ನಿಂತ್ರ ಮತ್ತ ಹೊರೆ ಬರಂಗಿಲ್ಲೇನು?"

"ಒಂದ ಅಗುಳಿಗೆ ಎಲಿ ಹರದದ್ದು ಯಾವ ಊರಾಗ ನೋಡೀರಿ?" ಎಂದೆ.

ಕಳಕಪ್ಪ ನನ್ನ ಭುಜ ಹಿಡಿದು ಎದ್ದ. "ಅಧ್ಯಕ್ಷರ, ನನಗ ಈಗ ನಿಮ್ಮ ಅರ್ಧ ಸಭಾನ ಕಾಣ್ತೈತಿ. ಆ ಅರ್ಧದಾಗ ಶ್ಯಾಣ್ಯಾ ಒಬ್ಬಾಂವನೂ ಕಾಣವಲ್ಲ. ಈ ಕಡೆ ಕುಂತಾನೇನು ನೋಡ್ರಿ" ಎಂದ. ನಗು ಬಂತು, ತೀರ್ಪು ಬದಲಾಗಲಿಲ್ಲ. ಎರಡೂ ನೆಲೆಗಳಿಂದ ಆ ಹಿತ್ತಾಳೆ ಗುಂಡಿಯನ್ನು ಕಿತ್ತುಹಾಕಬೇಕೆಂದು ಗೊತ್ತುಮಾಡಿದರು. ನಾನು ಎರಡೂ ನೆಲೆಮನೆಗಳ ಮುಂದೆ ನಿಂತು ತಪ್ಪಾಯಿತು ಎನ್ನಬೇಕಂತೆ. ಅನ್ನುವುದಿಲ್ಲ ಎಂದು ಬಂದಿದ್ದೇನೆ. ನಿನ್ನೆ ನಮ್ಮೂರಿನ ಗುಂಡಿ ಕಿತ್ತರು. ಹಲಗೆಯಲ್ಲಿ ದುಂಡನೆಯ ತೂತು ಉಳಿದಿದೆ. ಇರುವೆ ಹೋಗದಿರಲಿ ಎಂದು ಫಕೀರಪ್ಪ ಅದಕ್ಕೆ ಜೇನುಮೇಣ ತುಂಬಿದ್ದಾನೆ.

ನಿಮ್ಮ ಕಾಲದ ಯಂತ್ರಗಳಿಗೆ ಈ ಅಗುಳಿನ ರೂಢಿ ಗೊತ್ತಿದೆ ಎಂದು ಓದಿದ್ದೇನೆ. ಅದನ್ನು ಕಟ್ಟಿದವರು ಜಾಣರು. ಕೈಯಡ್ಡ ಕಂಡು ನಿಂತವನು ಆಗಾಗ ಮೆಲ್ಲನೆ ಕೇಳಬೇಕು ಎಂದು ಅವರಿಗೆ ಹೊಳೆದಿತ್ತು. ಯಂತ್ರಕ್ಕೆ ಕಲಿಸಿದ ಆ ನಡತೆಯನ್ನು ನೀವು ನಿಮ್ಮ ಮಕ್ಕಳಿಗೆ ಕಲಿಸಲಿಲ್ಲ. ನೀವು ಸುರಿದು ಸುರಿದು ನಮ್ಮವರಿಗೆ ಎಷ್ಟು ಅಸಹ್ಯ ಹುಟ್ಟಿಸಿದಿರಿ ಎಂದರೆ, ಅವರು ಸುರಿಯುವುದಕ್ಕೂ ಕೇಳುವುದಕ್ಕೂ ಒಂದೇ ಶಿಕ್ಷೆ ಬರೆದರು. ಸಾಕು ಎಂದವರ ಮೇಲೆ ಸುರಿಯುವುದನ್ನು ಇವತ್ತೇ ನಿಲ್ಲಿಸಿ. ಮುಂದೆ ನಿಮ್ಮಲ್ಲಿ ಯಾರಾದರೂ ಕಟ್ಟಳೆ ಬರೆಯಲು ಕೂತರೆ, ಒಂದು ಅಗುಳಿನಷ್ಟು ಕೇಳುವುದು ಅಪರಾಧವಲ್ಲ ಎಂಬ ಒಂದು ಸಾಲನ್ನು, ಯಾವ ಸಭೆಯೂ ಅಳಿಸಲಾಗದ ಕಡೆ ಬರೆದಿಡಿ.

ಸಭೆಯವರ ಲೆಕ್ಕದಲ್ಲಿ ಇದೂ ಕೇಳುವುದೇ. ಇರಲಿ, ಕೇಳುತ್ತಿದ್ದೇನೆ. ಮುಂದಿನ ಪಾಕ ಬರುವ ಹೊತ್ತಾಯಿತು, ತಮ್ಮನ ಎಡಗಣ್ಣು ಇನ್ನೂ ಇದೆ.

ನೀಲಾಂಬಿಕೆ ಹಡಪದ